‘ಬಂಜೆ’ಗೆ ಪುಲ್ಲಿಂಗ ಯಾವುದು?

ಮದುವೆಯಾಗಿ ವರ್ಷ ತುಂಬುವುದೇ ತಡ, ಸಿಂಧನೂರಿನ ಭತ್ತದ ಗದ್ದೆಯಿಂದ ಮಸ್ಕಿ, ಲಿಂಗಸುಗೂರಿನ ಓಣಿಗಳವರೆಗೆ ಒಂದೇ ಪ್ರಶ್ನೆ: ‘ಏನವ್ವಾ, ಏನರ ವಿಶೇಷ ಐತೇನು?’ ಕೇಳುವುದು ಸೊಸೆಯನ್ನು, ಮಗನನ್ನಲ್ಲ. ಸ್ಕ್ಯಾನಿಂಗ್, ಮಾತ್ರೆ, ಹರಕೆ, ತಾಯತ ಎಲ್ಲವೂ ಅವಳಿಗೇ. ಕೊನೆಗೆ ಗಂಡನಿಗೆ ಇನ್ನೊಂದು ಮದುವೆ!

ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಿನ ದೋಷವೂ ಸೇರಿರುತ್ತದೆ. ಪ್ರಾಯಕ್ಕೆ ಬಂದ ಮೇಲೆ ತಗಲಿದ ಮಂಗನಬಾವು, ವೃಷಣದ ರಕ್ತನಾಳಗಳ ಊತ, ತಂಬಾಕು, ಹೀಗೆ ಕಾರಣಗಳು ಹಲವು. ‘ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೇನಲ್ಲ’ ಎನ್ನುವವರೇ, ಗಂಡಸುತನ ಬೇರೆ, ವೀರ್ಯಾಣುಗಳ ಸಂಖ್ಯೆ ಬೇರೆ. ಎರಡರಿಂದ ಏಳು ದಿನ ಸಂಯಮದಿಂದಿದ್ದು ವೀರ್ಯ ಪರೀಕ್ಷೆ ಮಾಡಿಸಬೇಕು, ಅಷ್ಟೆ. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಇದಕ್ಕೆ ನಾಚುವ ಗಂಡಸು ಲಾಡ್ಜಿನಲ್ಲಿ ಕೂತ ‘ಗುಪ್ತರೋಗ ತಜ್ಞ’ನ ಲೇಹ್ಯಕ್ಕೆ ಸಾವಿರಗಟ್ಟಲೆ ಸುರಿಯುತ್ತಾನೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿಯ ಜಾಹೀರಾತು 1954ರ ಕಾಯ್ದೆಯಂತೆ ಅಪರಾಧ. ನಮ್ಮ ಗೋಡೆಗಳಿಗೆ ಕಾಯ್ದೆ ಓದಲು ಬರುವುದಿಲ್ಲವೆಂದು ತೋರುತ್ತದೆ.

ಹೆತ್ತದ್ದು ಹೆಣ್ಣಾದರೂ ಬೈಗುಳ ಅವಳಿಗೇ. ಮಗು ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ತಂದೆಯ ವರ್ಣತಂತು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿರುವ ಈ ಮಾತು ಮನೆಯ ಹೊಸ್ತಿಲು ದಾಟಿಲ್ಲ.

ಸೊಸೆಯನ್ನು ದವಾಖಾನೆಯಿಂದ ದವಾಖಾನೆಗೆ ಅಲೆಸುವ ಅತ್ತೆಯಂದಿರು ಮೊದಲು ಮಗನ ರಿಪೋರ್ಟು ಕೇಳಲಿ. ಎರಡನೆಯ ನಿಕಾಹ್‌ಗೆ ಕೂರುವ ಮುನ್ನ ಜಮಾಅತಿನ ಹಿರಿಯರೂ ಅದನ್ನೇ ಕೇಳಲಿ.