ಮಿಣುಕುವ ಗೆರೆಯ ಪಾಠ

ಪೀಣ್ಯ ಕೈಗಾರಿಕಾ ಪ್ರದೇಶದ ಸಮೀಪದಲ್ಲಿರುವ ಹೆಗ್ಗನಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರವು ಅಕಾರಣವಾಗಿ ಬಿಸಿಯಾದರೆ, ಯಾರೂ ಅದನ್ನು ಮಾರುವ ಮಾತನ್ನಾಡುವುದಿಲ್ಲ. ದೋಷವು ಬೆಲ್ಟಿನದೋ ಬೇರಿಂಗಿನದೋ ಮೋಟಾರಿನದೋ ಎಂದು ಒಂದೊಂದನ್ನೇ ಪರೀಕ್ಷಿಸುವರು. ಆದರೆ ವಿದ್ಯಾರ್ಥಿಯೊಬ್ಬನ ಗಣಕಯಂತ್ರವು, ಒಂದಕ್ಷರವನ್ನೂ ಬರೆಯದೆ ಎಡಿಟರನ್ನು ತೆರೆದಿಟ್ಟ ಮಾತ್ರಕ್ಕೆ ಕಾದು ಫ್ಯಾನನ್ನು ಬಿರುಸಾಗಿ ತಿರುಗಿಸತೊಡಗಿದರೆ, 'ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಬೇಕು' ಎಂಬ ತೀರ್ಪು ಕೂಡಲೇ ಹೊರಡುತ್ತದೆ. ಈ ಆತುರವು ಅವೈಜ್ಞಾನಿಕವಾದುದು. ಅಲ್ಪಾದಾಯದ ಸಂಸಾರಗಳಿಗೆ ಬಲು ದುಬಾರಿಯಾದುದು ಎಂಬುದು ನಮ್ಮ ಅಭಿಪ್ರಾಯ.

2017ರಲ್ಲಿ ನಡೆದ ಸಂಗತಿಯೊಂದನ್ನು ನೋಡೋಣ. ಮೈಕ್ರೋಸಾಫ್ಟ್ ಸಂಸ್ಥೆಯ ವಿಶುವಲ್ ಸ್ಟುಡಿಯೋ ಕೋಡ್ ಎಂಬ ಎಡಿಟರು ಸುಮ್ಮನೆ ತೆರೆದಿದ್ದಾಗಲೂ ಪ್ರೊಸೆಸರಿನ ಶೇಕಡಾ 13ರಷ್ಟನ್ನು ಬಳಸುತ್ತಿದೆಯೆಂದು ಬಳಕೆದಾರರೊಬ್ಬರು ವರದಿಮಾಡಿದರು. ಅಪರಾಧಿ ಯಾರು? ಅಕ್ಷರ ಬೀಳುವ ಸ್ಥಳವನ್ನು ತೋರಿಸುವ, ಮಿಣುಕುವ ಸಣ್ಣ ಗೆರೆ! ಅರ್ಧ ಸೆಕೆಂಡಿಗೊಮ್ಮೆ ಕಾಣಿಸಿ ಮರೆಯಾಗುವ ಆ ಕರ್ಸರಿಗೆ ಸೆಕೆಂಡಿಗೆ ಎರಡು ಬದಲಾವಣೆಗಳು ಸಾಕು. ಆದರೆ ಅದನ್ನು ಚಲನಚಿತ್ರದಂತೆ ಭಾವಿಸಿದ ಕ್ರೋಮಿಯಂ ತಂತ್ರಾಂಶವು ಸೆಕೆಂಡಿಗೆ 60 ಬಾರಿ ಚಿತ್ರಿಸುತ್ತಿತ್ತು. ಎಂದರೆ ಅಗತ್ಯಕ್ಕಿಂತ 30 ಪಟ್ಟು ಹೆಚ್ಚು. ಮಿಣುಕುವುದನ್ನು ನಿಲ್ಲಿಸಿ ಗೆರೆಯನ್ನು ಸ್ಥಿರವಾಗಿಸಿದರೆ ಸಾಕು, ಆ ಹೊರೆ ಇಳಿಯುತ್ತಿತ್ತು. ಮುಂದೆ ಮಿಣುಕಿನ ವಿಧಾನವನ್ನೇ ಬದಲಿಸಿ ದೋಷವನ್ನು ತಿದ್ದಲಾಯಿತು. ಹೊಸ ಯಂತ್ರದ ಅಗತ್ಯವೇನೂ ಬರಲಿಲ್ಲ.

ಪ್ರೊಸೆಸರು ಪಡೆಯುವ ವಿದ್ಯುಚ್ಛಕ್ತಿಯು ಬಹುಮಟ್ಟಿಗೆ ಉಷ್ಣವಾಗಿಯೇ ಹೊರಬೀಳುತ್ತದೆ. ಆದ್ದರಿಂದ ಕಾರಣವಿಲ್ಲದ ಬಿಸಿಯೆಂದರೆ ಎಲ್ಲಿಯೋ ಕಾಣದ ಕೆಲಸವೊಂದು ನಡೆಯುತ್ತಿರಬಹುದೆಂದು ಅರ್ಥ. ಅದನ್ನು ಹುಡುಕುವ ಕ್ರಮವು ಪ್ರಯೋಗಶಾಲೆಯ ಕ್ರಮವೇ ಆಗಿದೆ: ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಫಲವನ್ನು ಬರೆದಿಡುವುದು. ಯಾವ ತಂತ್ರಾಂಶವು ಪ್ರೊಸೆಸರನ್ನು ಬಳಸುತ್ತಿದೆಯೆಂಬುದನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಮೊದಲು ನೋಡಬೇಕು. ಎಡಿಟರೇ ಆಗಿದ್ದರೆ ಬರಿದಾದ ಕಡತವೊಂದನ್ನು ತೆರೆಯಬೇಕು. ಆಗ ಬಳಕೆ ಇಳಿದರೆ ಹಿಂದಿನ ಕಡತದ ಮೇಲೆ ಸಂಶಯಪಡಬಹುದು. ಇಳಿಯದಿದ್ದರೆ ಎಡಿಟರಿಗೆ ಸೇರಿಸಿರುವ ವಿಸ್ತರಣೆಗಳನ್ನೆಲ್ಲ ನಿಲ್ಲಿಸಿ ನೋಡಬೇಕು. ಆಗ ಇಳಿದರೆ, ಅವುಗಳಲ್ಲಿ ಅರ್ಧವನ್ನು ಮಾತ್ರ ಮರಳಿ ಚಾಲೂ ಮಾಡಿ, ದೋಷವಿರುವ ಅರ್ಧವನ್ನು ಪುನಃ ಇಬ್ಭಾಗಿಸುತ್ತ ಹೋಗಬೇಕು. 16 ವಿಸ್ತರಣೆಗಳಲ್ಲಿ ಒಂದು ಮಾತ್ರ ದೋಷಿಯಾಗಿದ್ದರೆ ಅದು ನಾಲ್ಕೇ ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಿದರೆ ಬಿಸಿ ಆರಬಹುದು. ಆದರೆ ಕಾರಣವೂ ಅದರೊಡನೆ ಅಳಿಸಿಹೋಗುತ್ತದೆ.

ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತೇವೆ. ಕೆಟ್ಟುದನ್ನು ಕ್ರಮವಾಗಿ ಪರೀಕ್ಷಿಸುವುದನ್ನು ವಿದ್ಯಾರ್ಥಿಯ ಅದೃಷ್ಟಕ್ಕೆ ಬಿಡುತ್ತೇವೆ. ಇದು ಸರಿಯಲ್ಲ. ಉಷ್ಣಮಾಪಕವನ್ನೋದಲು ಕಲಿತವನು ಪ್ರೊಸೆಸರಿನ ಬಳಕೆಯನ್ನೂ ಓದಬಲ್ಲನು. ಅವನಿಗೆ ಕೊರತೆಯಿರುವುದು ಜಾಣ್ಮೆಯದಲ್ಲ, ಅಭ್ಯಾಸದ್ದು. ವಾರಕ್ಕೆ ಒಂದು ಗಂಟೆಯನ್ನಾದರೂ ಈ ಅಭ್ಯಾಸಕ್ಕೆ ಮೀಸಲಿಟ್ಟರೆ, ಅನೇಕ ಮನೆಗಳಲ್ಲಿ ಹಳೆಯ ಗಣಕವು ಇನ್ನೂ ಕೆಲವು ವರ್ಷ ಬಾಳೀತು. ಊಹೆಯನ್ನು ನಂಬದೆ ಅಳತೆಯನ್ನು ನಂಬುವ ಬುದ್ಧಿಯು ಅದಕ್ಕಿಂತಲೂ ಹೆಚ್ಚು ಕಾಲ ಬಾಳೀತು.