ಬೈಗುಳ ಯಾವ ಕಾಯಿಲೆಗೆ ಮದ್ದು ಸ್ವಾಮಿ?

"ಇದು ಹೈ ರಿಸ್ಕ್ ಕೇಸು" ಅನ್ನೋ ಮಾತನ್ನ ನಮ್ಮ ಆಸ್ಪತ್ರೆಗಳಲ್ಲಿ ಎರಡು ಥರ ಹೇಳ್ತಾರೆ. ಒಂದು, "ನಿಮ್ಮನ್ನ ಜಾಸ್ತಿ ಜೋಪಾನವಾಗಿ ನೋಡ್ಕೋತೀವಿ" ಅಂತ. ಇನ್ನೊಂದು, "ಏನಾದ್ರೂ ಆದ್ರೆ ಆಮೇಲೆ ನಮ್ಮನ್ನ ಕೇಳ್ಬೇಡಿ" ಅಂತ. ನಾನು ಕೇಳಿರೋದು ಹೆಚ್ಚಾಗಿ ಎರಡನೇದೇ.

ಈ ವಿಷಯ ಎತ್ತಿದ್ರೆ ಸಾಕು, "ಬೇಕಾಗಿರೋದು ಒಳ್ಳೇ ಟ್ರೀಟ್‌ಮೆಂಟು ಕಣ್ರೀ, ಸಿಹಿ ಮಾತಲ್ಲ. ಡಾಕ್ಟರು ಬೈದ್ರೂ ಪರವಾಗಿಲ್ಲ, ಕೈಗುಣ ಚೆನ್ನಾಗಿರಬೇಕು" ಅಂತಾರೆ. ಕೇಳೋಕೇನೋ ಚೆನ್ನಾಗಿದೆ. ಆದ್ರೆ ಈ ವಾದದ ಬುಡದಲ್ಲೇ ತೂತಿದೆ.

ಪ್ರೀಎಕ್ಲಾಂಪ್ಸಿಯಾ ತಗೊಳ್ಳಿ. ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ಬಸುರಿಗೆ ಬಿಪಿ ಏರೋ ಕಾಯಿಲೆ. ಕೈ ಮೀರಿದ್ರೆ ಫಿಟ್ಸ್ ಬರುತ್ತೆ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಎಚ್ಚರಿಕೆಯ ಗುರುತುಗಳೇನು? ವಿಪರೀತ ತಲೆನೋವು, ಕಣ್ಣು ಮಂಜಾಗೋದು, ಪಕ್ಕೆಲುಬಿನ ಕೆಳಗೆ ನೋವು. ಇದನ್ನ ಯಾವ ಸ್ಕ್ಯಾನೂ ಹೇಳಲ್ಲ, ಅವಳೇ ಬಾಯಿಬಿಟ್ಟು ಹೇಳ್ಬೇಕು! ಹೋದ ಸಲ "ಎಲ್ಲದಕ್ಕೂ ಓಡಿ ಬರ್ತೀಯಲ್ಲಮ್ಮ" ಅಂತ ಅನ್ನಿಸಿಕೊಂಡವಳು ಈ ಸಲ ಹೇಳ್ತಾಳಾ?

ಮದ್ದಿಲ್ವಾ ಅಂದ್ರೆ ಇದೆ. ಮೆಗ್ನೀಷಿಯಂ ಸಲ್ಫೇಟ್, ಹಳೇದು, ಅಗ್ಗದ್ದು. 33 ದೇಶಗಳ ಸುಮಾರು 10,000 ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ 2002ರಲ್ಲೇ ತೋರಿಸಿಕೊಡ್ತು, ಫಿಟ್ಸ್ ಬರೋ ಸಂಭವ ಅರ್ಧಕ್ಕಿಂತ ಜಾಸ್ತಿ ಕಮ್ಮಿಯಾಗುತ್ತೆ ಅಂತ. ಆದ್ರೆ ಇಂಜೆಕ್ಷನ್ ಕೊಡೋಕೆ ಅವಳು ಟೈಮಿಗೆ ಬರಬೇಕಲ್ಲ?

ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳ್ಬೇಕಂದ್ರೆ, ಬಗ್ ರಿಪೋರ್ಟ್ ಮಾಡಿದವನಿಗೆ ಉಗಿದ್ರೆ ನಿಲ್ಲೋದು ರಿಪೋರ್ಟು, ಬಗ್ ಅಲ್ಲ.

ನಮ್ಮಕ್ಕನಿಗೆ 36ನೇ ವಯಸ್ಸಲ್ಲಿ ಅವಳಿ ಬಸುರು. ಮೊದಲು ತೋರಿಸ್ತಿದ್ದ ಕಡೆ ದೊಡ್ಡ ಡಿಗ್ರಿಯ ತಜ್ಞರು. "ಈ ವಯಸ್ಸಲ್ಲಿ ಬೇಕಿತ್ತಾ?" ಅಂದಿದ್ರು, ಭಾವನ ಎದುರಿಗೇ. 33ನೇ ವಾರ ರಾತ್ರಿ ತಲೆ ಸಿಡಿಯೋ ನೋವು. ಫೋನ್ ಮಾಡೇ ಅಂದ್ರೆ "ಬೇಡ, ಮತ್ತೆ ಬೈತಾರೆ" ಅಂದ್ಲು! ಬ್ಯಾಂಕಲ್ಲಿ ಮ್ಯಾನೇಜರ್ ಆಗಿರೋ ಹೆಂಗಸು ಕಣ್ರೀ ಅವಳು. ಭಾವ ಮನೇಲಿದ್ದ ಮಿಷನ್ನಲ್ಲಿ ನೋಡಿದ್ರೆ 170/110. ಬೇರೆ ಆಸ್ಪತ್ರೆಗೆ ಕರ್ಕೊಂಡು ಓಡಿದ್ವಿ. ಅಲ್ಲಿನ ಡಾಕ್ಟರಮ್ಮ ಪಕ್ಕ ಕೂತು "ಬಂದಿದ್ದು ಒಳ್ಳೇದಾಯ್ತು, ಈಗ ಹೀಗೆ ಹೀಗೆ ಮಾಡ್ತೀವಿ" ಅಂತ ಬಿಡಿಸಿ ಹೇಳಿದ್ರು. ಅದಕ್ಕೆ ಹಿಡಿದಿದ್ದು ಎರಡು ನಿಮಿಷ. ಮೂವರೂ ಕ್ಷೇಮ. ಬ್ಯಾಂಕ್ ಮ್ಯಾನೇಜರೇ ಹೆದರಿದ್ರೆ, ಹಳ್ಳಿಯಿಂದ ಒಬ್ಬಳೇ ಬಸ್ಸಲ್ಲಿ ಬರೋ ಹುಡುಗಿ ಕತೆ ಏನು?

"ಡಾಕ್ಟರಿಗೆ ಎಷ್ಟು ಲೋಡ್ ಗೊತ್ತಾ?" ಗೊತ್ತು. ಹೆರಿಗೆ ವಾರ್ಡಲ್ಲಿ ಒಬ್ಬ ನರ್ಸು ಎಷ್ಟು ಜನರನ್ನ ನೋಡ್ತಾಳೆ ಅಂತ ಕಣ್ಣಾರೆ ಕಂಡಿದೀನಿ. ಸಿಬ್ಬಂದಿ ಕೊಡದ ಸರ್ಕಾರಕ್ಕೆ ಅವರ ಜೊತೆ ನಾನೂ ಬೈತೀನಿ. ಆದ್ರೆ ಸ್ವಾಮಿ, ಬೈಯೋಕೂ ಅಷ್ಟೇ ಟೈಮ್ ಬೇಕಲ್ವಾ?

ಇನ್ನು ಲೆಕ್ಕ. 2018-20ರ ಎಸ್‌ಆರ್‌ಎಸ್ ಪ್ರಕಾರ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ತಮಿಳುನಾಡಲ್ಲಿ 54, ನಮ್ಮಲ್ಲಿ 69. ದಕ್ಷಿಣದಲ್ಲಿ ನಾವೇ "ಫಸ್ಟು". ಕೇರಳದ ಪ್ರಸೂತಿ ತಜ್ಞರ ಸಂಘ 2004ರಿಂದ ತಾಯಂದಿರ ಸಾವುಗಳನ್ನ ಹೆಸರು ಹೊರಗೆ ಬಿಡದೆ ಪರಿಶೀಲಿಸ್ತಿದೆ. ಯಾರನ್ನ ಗಲ್ಲಿಗೇರಿಸೋದು ಅಂತಲ್ಲ, ಎಲ್ಲಿ ತಪ್ಪಿತು ಅಂತ ಕಲಿಯೋಕೆ.

ನಮ್ಮಲ್ಲಿ ಯೋಜನೆಗೇನೂ ಬರವಿಲ್ಲ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳು 9ಕ್ಕೆ ಉಚಿತ ತಪಾಸಣೆ, ಅಪಾಯವಿದ್ದವರ ಕಾರ್ಡಿಗೆ ಕೆಂಪು ಸ್ಟಿಕ್ಕರ್. ಸ್ಟಿಕ್ಕರ್ ಅಂಟಿಸಿದ ಮೇಲೆ?

ನಾನು ಕೇಳೋದು ಮೂರೇ. ಕೆಂಪು ಸ್ಟಿಕ್ಕರ್ ಜೊತೆ ಅರ್ಧರಾತ್ರಿಲೂ ಎತ್ತೋ ಒಂದು ಫೋನ್ ನಂಬರ್. ಹೆರಿಗೆ ಕೋಣೇಲಿ ಅವಳಿಗೆ ಬೇಕಾದ ಒಬ್ಬರು ಜೊತೆಗೆ. ಸಾವು ಸಂಭವಿಸಿದಾಗ "ತಡವಾಗಿ ಬಂದಳು" ಅಂತ ಬರೆದು ಫೈಲ್ ಮುಚ್ಚೋ ಬದಲು, ಯಾಕೆ ತಡವಾಗಿ ಬಂದಳು, ಹೋದ ಸಲ ಅವಳಿಗೆ ಏನಂದಿದ್ರಿ ಅನ್ನೋ ಪ್ರಶ್ನೆ.

ಕರುಣೆ ಅಂದ್ರೆ ಟ್ರೀಟ್‌ಮೆಂಟ್ ಮೇಲೆ ಉದುರಿಸೋ ಕೊತ್ತಂಬರಿ ಸೊಪ್ಪಲ್ಲ, ಟ್ರೀಟ್‌ಮೆಂಟ್ ಶುರುವಾಗೋದೇ ಅಲ್ಲಿಂದ. ಬ್ಲಾಗಿಗರಲ್ಲಿ ಡಾಕ್ಟರುಗಳೂ ಇದೀರಿ. ಒಪ್ಪಲ್ಲ ಅಂದ್ರೆ ಬನ್ನಿ, ಜಗಳ ಆಡೋಣ.