ಸರದಿ ತಪ್ಪಿದವನ ಸಂಕಟ

ಗೋಗ್ರಹಣದ ಕಾಳಗದಲ್ಲಿ ಅರ್ಜುನನು ಸಮ್ಮೋಹನಾಸ್ತ್ರವನ್ನು ಬಿಟ್ಟಾಗ ಭೀಷ್ಮನೊಬ್ಬನ ಹೊರತು ಕೌರವಸೇನೆಯೆಲ್ಲ ಮೈಮರೆತು ಬಿದ್ದಿತು. ಕಥೆ ಕೇಳುವವರಿಗೆ ಇದೊಂದು ವಿನೋದ. ಆದರೆ ಬಿದ್ದ ಪ್ರತಿಯೊಬ್ಬ ವೀರನ ಪರವಾಗಿಯೂ ಒಬ್ಬ ಆಟಗಾರನು ದಾಳ ಹಿಡಿದು ಕುಳಿತಿದ್ದರೆ ಅವನ ಪಾಡೇನು?

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಕಾಲದಿಂದಲೂ ನಿಯಮ ರಚಿಸುವವರಿಗೆ ಈ ಪ್ರಶ್ನೆ ಬಿಡಿಸಲಾರದ ಗಂಟಾಗಿದೆ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಸೂತ್ರಧಾರನಾಗಿ ರಾಕ್ಷಸರನ್ನು ನಡೆಸುತ್ತಾನೆ. ಉಳಿದವರು ತಲೆಗೊಂದು ಪಾತ್ರ ವಹಿಸಿ, ಸರದಿ ಬಂದಾಗ ತಾವು ಮಾಡುವುದನ್ನು ಹೇಳುತ್ತಾರೆ. ಫಲವನ್ನು ದಾಳ ನಿರ್ಣಯಿಸುತ್ತದೆ. ನಿದ್ದೆ ಬರಿಸುವ, ನಿಂತಲ್ಲೇ ಕಟ್ಟಿಹಾಕುವ ಮಂತ್ರಗಳು ಆ ಆಟದಲ್ಲಿ ಮೊದಲಿನಿಂದಲೂ ಉಂಟು.

ಸೂತ್ರಧಾರನ ಹತ್ತು ರಾಕ್ಷಸರಲ್ಲಿ ಒಬ್ಬನು ಮರಗಟ್ಟಿದರೆ ಅವನಿಗೆ ಇನ್ನೂ ಒಂಬತ್ತು ಮಂದಿ ಉಳಿದರು. ಆಟಗಾರನಿಗಾದರೋ ಇರುವುದೊಂದೇ ಪಾತ್ರ. ಅದು ಕಟ್ಟುಬಿದ್ದಿತೆಂದರೆ ಅವನು ಕಾಫಿ ಕುಡಿಯುತ್ತ ಪರರ ಆಟವನ್ನು ನೋಡಬೇಕು. ಒಂದು ಕದನ ಮುಗಿಯಲು ಗಂಟೆಯೇ ಹಿಡಿದೀತು! ನಿಯಮ ಇಬ್ಬರಿಗೂ ಒಂದೇ, ನಷ್ಟ ಮಾತ್ರ ಒಂದೇ ಅಲ್ಲ.

2008ರ ನಾಲ್ಕನೆಯ ಆವೃತ್ತಿಯು ಇದಕ್ಕೊಂದು ಮದ್ದನ್ನು ಹುಡುಕಿತು. ಕಟ್ಟುಬಿದ್ದವನು ತನ್ನ ಸರದಿಯ ಕೊನೆಯಲ್ಲಿ 20 ಮುಖಗಳ ದಾಳವನ್ನು ಉರುಳಿಸಬೇಕು. 10 ಅಥವಾ ಹೆಚ್ಚು ಬಿದ್ದರೆ ಬಿಡುಗಡೆ. ನೂರಕ್ಕೆ 55ರ ಅವಕಾಶ. ಮೂರು ಸಲವೂ ಸೋತು ಸೆರೆಯಲ್ಲೇ ಉಳಿಯುವವರು ನೂರರಲ್ಲಿ ಸುಮಾರು ಒಂಬತ್ತು ಮಂದಿ. ಸೆರೆ ಮೊಟಕಾಯಿತೇನೋ ನಿಜ. ಆದರೆ ದಾಳ ಉರುಳಿಸಿ ಮತ್ತೆ ಕೈಕಟ್ಟಿ ಕೂಡುವುದನ್ನು ಆಟವೆನ್ನಬಹುದೇ?

ಎದುರಾಳಿ ಒಂಟಿ ಮಹಾಸರ್ಪವಾದರೆ ತೊಡಕು ತಿರುಗುಮುರುಗು. ಮೊದಲ ಮಂತ್ರಕ್ಕೇ ಅದು ಸೆಟೆದು ನಿಂತರೆ ಕಥೆಯ ರಸವೇ ಬತ್ತಿತು. 2014ರ ಐದನೆಯ ಆವೃತ್ತಿಯು ಇಂಥ ಭೀಷ್ಮರಿಗೆ, ಸಾಮಾನ್ಯವಾಗಿ ದಿನಕ್ಕೆ ಮೂರು ಬಾರಿ, ಸೋತ ದಾಳವನ್ನು ಗೆದ್ದುದೆಂದು ಸಾರುವ ವರವನ್ನಿತ್ತಿತು. ರಾಕ್ಷಸನು ಬದುಕಿದ, ಗುರಿ ತಪ್ಪದೆ ಮಂತ್ರ ಹಾಕಿದವನ ಮುಖ ಮಾತ್ರ ಸಪ್ಪಗಾಯಿತು.

2019ರ ‘ಪಾಥ್‌ಫೈಂಡರ್’ ಎರಡನೆಯ ಆವೃತ್ತಿಯದು ಇದಕ್ಕಿಂತ ಜಾಣತನದ ದಾರಿ. ಅಲ್ಲಿ ಸರದಿಗೆ ಮೂರು ಕ್ರಿಯೆಗಳು, ದಾಳಕ್ಕೆ ನಾಲ್ಕು ಬಗೆಯ ಫಲಗಳು. ಮರಗಟ್ಟಿಸುವ ಮಂತ್ರವನ್ನು ತಡೆದುಕೊಂಡವನೂ ಒಂದು ಕ್ರಿಯೆಯನ್ನು ತೆರಬೇಕು. ಸೋತವನಿಗೆ ಒಂದು ಸುತ್ತಿನ ಸೆರೆ. ತೀರ ಕೆಟ್ಟು ಸೋತವನಿಗೆ ನಾಲ್ಕು ಸುತ್ತು. ಮಂತ್ರದ ದರ್ಜೆಯ ಇಮ್ಮಡಿಯನ್ನು ಮೀರಿದ ಬಲಶಾಲಿಗೆ ಫಲವು ಒಂದು ಮೆಟ್ಟಿಲು ಹಗುರಾಗುತ್ತದೆ. ಹಾಕಿದ ಮಂತ್ರ ಬಹುಮಟ್ಟಿಗೆ ವ್ಯರ್ಥವಲ್ಲ. ಎರಡು ಕ್ರಿಯೆ ಉಳಿದವನಿಗೆ ಯೋಚಿಸುವ ಕೆಲಸವೂ ಇದೆ.

ಐದನೆಯ ಆವೃತ್ತಿಯ ನಿದ್ರಾಮಂತ್ರದಲ್ಲಿ ಇನ್ನೂ ಸರಳವಾದೊಂದು ಉಪಾಯವಿದೆ. ಜೊತೆಗಾರನು ತನ್ನ ಸರದಿಯ ಕ್ರಿಯೆಯನ್ನು ವ್ಯಯಿಸಿ ನಿದ್ದೆಹೋದವನನ್ನು ಅಲುಗಿಸಬಹುದು, ಬೇಕಾದರೆ ಕೆನ್ನೆಗೆ ಬಾರಿಸಲೂಬಹುದು. ಶತ್ರುವನ್ನು ಹೊಡೆಯಲೋ ಗೆಳೆಯನನ್ನು ಹೊಡೆಯಲೋ ಎಂಬ ಚರ್ಚೆಯಲ್ಲಿ, ಮಲಗಿರುವವನ ಪರವಾಗಿ ಕುಳಿತ ಆಟಗಾರನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಾನೆ.